ಪಾಠ ಮುಗಿಯುವ ಮೊದಲೇ ಹಡಗು ಹತ್ತಿದ ಶಿಷ್ಯ

1959ರ ಏಪ್ರಿಲ್ ಕೊನೆಗೆ ಹಾಂಗ್‌ಕಾಂಗ್ ಬಂದರಿನಿಂದ ಅಮೆರಿಕಕ್ಕೆ ಹೊರಟ ‘ಪ್ರೆಸಿಡೆಂಟ್ ವಿಲ್ಸನ್’ ಹಡಗಿನಲ್ಲಿ ಹದಿನೆಂಟರ ಹುಡುಗನೊಬ್ಬನಿದ್ದ. ಜೇಬಿನಲ್ಲಿ ನೂರು ಡಾಲರ್ ಇತ್ತು. ಅಷ್ಟರಲ್ಲಾಗಲೇ ಇಪ್ಪತ್ತರಷ್ಟು ಸಿನಿಮಾಗಳಲ್ಲಿ ನಟಿಸಿದ್ದ. ಹಿಂದಿನ ವರ್ಷ ಚಾ ಚಾ ನೃತ್ಯದ ಸ್ಪರ್ಧೆ ಗೆದ್ದಿದ್ದ. ಅದೇ ವರ್ಷ ಶಾಲೆಗಳ ನಡುವಿನ ಬಾಕ್ಸಿಂಗ್ ಪಂದ್ಯವನ್ನೂ ಗೆದ್ದಿದ್ದ. ಬೀದಿ ಜಗಳಗಳಿಂದಾಗಿ ಪೊಲೀಸರ ಕಣ್ಣಿಗೂ ಬಿದ್ದಿದ್ದ. ಮಗ ಇಲ್ಲೇ ಇದ್ದರೆ ಕೈತಪ್ಪಿ ಹೋಗುತ್ತಾನೆ ಎಂಬ ಭಯದಲ್ಲೇ ಅಪ್ಪ ಅಮ್ಮ ಅವನನ್ನು ಹಡಗು ಹತ್ತಿಸಿದ್ದು. ಇವೆಲ್ಲದರ ನಡುವೆ ಅವನು ನಾಲ್ಕೈದು ವರ್ಷ ಕುಂಗ್ ಫೂ ಕಲಿತಿದ್ದ. ಆ ಪಾಠ ಇನ್ನೂ ಮುಗಿದಿರಲಿಲ್ಲ.

ಬ್ರೂಸ್ ಲೀ ಎಂದೊಡನೆ ನಮಗೆ ನೆನಪಾಗುವುದು ತೆರೆಯ ಮೇಲಿನ ಆ ಹುರಿಗಟ್ಟಿದ ಮೈ, ಆ ಕೂಗು, ಆ ಒದೆ. ಶಾಸ್ತ್ರದ ಕಟ್ಟುಗಳನ್ನೆಲ್ಲ ಕಳಚಿ ಎಸೆದ ಬಂಡಾಯಗಾರ ಎಂದೂ ಅವನನ್ನು ಕೊಂಡಾಡುತ್ತೇವೆ. ಕುಂಗ್ ಫೂ ತರಗತಿಗೆ ಹೊಸದಾಗಿ ಸೇರುವ ಹುಡುಗರ ಬಾಯಲ್ಲಿ ಈ ಮಾತು ಬಹಳ ಬೇಗ ಬರುತ್ತದೆ: ಶೈಲಿಯೇ ಬೇಡ ಎಂದವನು ಬ್ರೂಸ್ ಲೀ, ಮತ್ತೆ ನಮಗೇಕೆ ಈ ನಿಂತಲ್ಲೇ ನಿಲ್ಲುವ ಪಾಠ? ಆ ಪ್ರಶ್ನೆಗೆ ಉತ್ತರ ಅವನ ಶಿಷ್ಯ ಜೀವನದಲ್ಲೇ ಇದೆ. ಅವನು ಕಳಚಿ ಎಸೆದದ್ದೇನು, ಕೊನೆಯವರೆಗೂ ಕೈಬಿಡದೆ ಉಳಿಸಿಕೊಂಡದ್ದೇನು ಎಂದು ತಿಳಿಯಬೇಕಾದರೆ ಮೊದಲು ಅವನು ಕಲಿತದ್ದೇನು ಎಂದು ನೋಡಬೇಕು.

ಅವನು ಹುಟ್ಟಿದ್ದು 1940ರ ನವೆಂಬರ್ 27ರಂದು, ಸ್ಯಾನ್ ಫ್ರಾನ್ಸಿಸ್ಕೊದ ಚೈನಾಟೌನ್‌ನಲ್ಲಿ. ಅಪ್ಪ ಲೀ ಹೋಯ್ ಚುಯೆನ್ ಕ್ಯಾಂಟನೀಸ್ ಗೀತನಾಟಕದ ಹೆಸರಾಂತ ನಟ. ತಂಡದೊಂದಿಗೆ ಅಮೆರಿಕ ಪ್ರವಾಸದಲ್ಲಿದ್ದಾಗ ಮಗ ಹುಟ್ಟಿದ. ಕೂಸನ್ನು ಎತ್ತಿಕೊಂಡು ಹಾಂಗ್‌ಕಾಂಗ್‌ಗೆ ಮರಳಿದ ವರ್ಷವೇ, 1941ರ ಡಿಸೆಂಬರಿನಲ್ಲಿ, ಊರು ಜಪಾನೀಯರ ವಶವಾಯಿತು. ಯುದ್ಧ ಮುಗಿದಾಗ ಹಾಂಗ್‌ಕಾಂಗ್‌ನಲ್ಲಿ ಉಳಿದಿದ್ದವರು ಸುಮಾರು 6 ಲಕ್ಷ ಜನ. ಚೀನಾದ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದವರೂ ಸೇರಿ ಐದಾರು ವರ್ಷಗಳಲ್ಲೇ ಅದು 20 ಲಕ್ಷ ದಾಟಿತು. ಒಂದೊಂದು ಕೋಣೆಯಲ್ಲಿ ಎರಡು ಮೂರು ಸಂಸಾರ. ಮಕ್ಕಳಿಗೆ ಆಡಲು ಬೀದಿ ಇಲ್ಲವೇ ಮನೆಯ ತಾರಸಿ. ಹುಡುಗರ ಗುಂಪುಗಳು ಹುಟ್ಟಿಕೊಂಡದ್ದೂ ಅಲ್ಲೇ, ಬಡಿದಾಡಿದ್ದೂ ಅಲ್ಲೇ. ಅಪ್ಪ ಮಗನಿಗೆ ತಾಯ್ ಚಿಯ ನಿಧಾನದ ವರಸೆಗಳನ್ನು ಹೇಳಿಕೊಟ್ಟರು. ಏಟು ತಿಂದು ಬಂದ ಹುಡುಗನಿಗೆ ಆ ನಿಧಾನ ರುಚಿಸಲಿಲ್ಲ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ, ವಿಲಿಯಂ ಚಿಯುಂಗ್ ಎಂಬ ಗೆಳೆಯನ ಮೂಲಕ, ಅವನು ಇಪ್ ಮ್ಯಾನ್ ಅವರ ಬಳಿ ಬಂದ.

ಇಪ್ ಮ್ಯಾನ್ ಅವರೂ ಅಲ್ಲಿಗೆ ಬಂದದ್ದು ಎಲ್ಲ ಕಳೆದುಕೊಂಡೇ. 1893ರಲ್ಲಿ ದಕ್ಷಿಣ ಚೀನಾದ ಫೋಶಾನ್‌ನಲ್ಲಿ ಉಳ್ಳವರ ಮನೆಯಲ್ಲಿ ಹುಟ್ಟಿದವರು. ಅವರ ಮನೆತನದ ಪಿತೃಗಳ ಸಭಾಂಗಣವನ್ನು ಬಾಡಿಗೆಗೆ ಹಿಡಿದು ಚಾನ್ ವಾ ಶುನ್ ಎಂಬ ವೃದ್ಧ ಗುರು ವಿಂಗ್ ಚುನ್ ಎಂಬ ಕುಂಗ್ ಫೂ ಪದ್ಧತಿಯನ್ನು ಕಲಿಸುತ್ತಿದ್ದರು. ಬಾಲಕ ಇಪ್ ಮ್ಯಾನ್ ಆ ಮುದುಕರ ಕೊನೆಯ ಶಿಷ್ಯ. ಗುರು ತೀರಿಕೊಂಡ ಮೇಲೆ ಹಿರಿಯ ಶಿಷ್ಯ ಇಂಗ್ ಚುಂಗ್ ಸೋ ಅವರು ಪಾಠ ಮುಂದುವರಿಸಿದರು. ಗುರುವಿನಿಂದ ಅರ್ಧ, ಅಣ್ಣನಂಥ ಹಿರಿಯ ಶಿಷ್ಯನಿಂದ ಇನ್ನರ್ಧ: ಈ ಕಲಿಕೆಯ ಕ್ರಮವೇ ಮುಂದೆ ಬ್ರೂಸ್‌ಗೂ ಒದಗಿತು. ಜಪಾನ್ ಆಕ್ರಮಣ ಇಪ್ ಮನೆತನದ ಆಸ್ತಿಯನ್ನು ಕರಗಿಸಿತು, ಕ್ರಾಂತಿ ಊರನ್ನೇ ಬಿಡಿಸಿತು. 1949ರಲ್ಲಿ ಹಾಂಗ್‌ಕಾಂಗ್ ಸೇರಿ, ಮರುವರ್ಷ ಕೌಲೂನ್‌ನ ಹೋಟೆಲ್ ಕಾರ್ಮಿಕರ ಸಂಘದ ಕಟ್ಟಡದಲ್ಲಿ ಪಾಠ ಆರಂಭಿಸಿದಾಗ ಅವರ ವಯಸ್ಸು 56. ಅದುವರೆಗೆ ಹೊಟ್ಟೆಪಾಡಿಗಾಗಿ ಒಬ್ಬರಿಗೂ ಕಲಿಸಿದವರಲ್ಲ. ಮೊದಲ ಶಿಷ್ಯರು ಹೋಟೆಲ್ ಮಾಣಿಗಳು, ಅಡುಗೆಯವರು.

ವಿಂಗ್ ಚುನ್ ಹುಟ್ಟಿದ ಬಗೆಗೆ ಒಂದು ಐತಿಹ್ಯವಿದೆ: ಶಾವೊಲಿನ್ ಮಠ ಸುಟ್ಟುಹೋದಾಗ ಪಾರಾದ ಇಂಗ್ ಮುಯಿ ಎಂಬ ಬೌದ್ಧ ಸನ್ಯಾಸಿನಿ ಯಿಮ್ ವಿಂಗ್ ಚುನ್ ಎಂಬ ತರುಣಿಗೆ ಇದನ್ನು ಕಲಿಸಿದಳಂತೆ. ಇತಿಹಾಸದ ಗಟ್ಟಿ ನೆಲ ಸಿಗುವುದು ಹತ್ತೊಂಬತ್ತನೇ ಶತಮಾನದ ಫೋಶಾನ್‌ನ ವೈದ್ಯ ಲಿಯುಂಗ್ ಜಾನ್ ಅವರಿಂದ ಈಚೆಗೆ. ಚಾನ್ ವಾ ಶುನ್ ಈ ವೈದ್ಯರ ಶಿಷ್ಯ. ನಮ್ಮ ಕಡೆ ಇದಕ್ಕಿಂತ ಹೆಚ್ಚು ಓಡಾಡುವುದು ದಕ್ಷಿಣ ಭಾರತದ ಬೋಧಿಧರ್ಮ ಹೋಗಿ ಚೀನಾಕ್ಕೆ ಕುಂಗ್ ಫೂ ಕಲಿಸಿದ ಎಂಬ ಕಥೆ. ಬೋಧಿಧರ್ಮನ ಹೆಸರನ್ನು ಅಂಗಸಾಧನೆಗೆ ಜೋಡಿಸಿದ್ದು ಹದಿನೇಳನೇ ಶತಮಾನದ ‘ಯಿ ಜಿನ್ ಜಿಂಗ್’ ಎಂಬ ಗ್ರಂಥ. ಅವನ ಕಾಲಕ್ಕೂ ಈ ಗ್ರಂಥಕ್ಕೂ ಸಾವಿರ ವರ್ಷದ ಅಂತರ. ಶಾವೊಲಿನ್‌ನ 728ರ ಶಾಸನ ಮಠದ ಸನ್ಯಾಸಿಗಳು ಯುದ್ಧದಲ್ಲಿ ನೆರವಾದದ್ದನ್ನು ಹೇಳುತ್ತದೆ. ಬೋಧಿಧರ್ಮ ಮಲ್ಲವಿದ್ಯೆ ಕಲಿಸಿದನೆಂದು ಹೇಳುವುದಿಲ್ಲ. ಅಭಿಮಾನಕ್ಕಾಗಿ ಈ ಕಥೆಯನ್ನು ಮಕ್ಕಳಿಗೆ ಚರಿತ್ರೆಯೆಂದು ಹೇಳಿಕೊಡುವುದನ್ನು ನಾವು ಬಿಡಬೇಕು ಎಂದೇ ನನ್ನ ಅಭಿಪ್ರಾಯ.

ಇಪ್ ಮ್ಯಾನ್ ಅವರ ಬಳಿ ಸೇರಿದ ಹುಡುಗನಿಗೆ ಮೊದಲು ಸಿಗುವುದು ನಿಲುವು. ಪಾದದ ತುದಿಗಳನ್ನು ಒಳಗೆ ತಿರುಗಿಸಿ, ಮಂಡಿ ಬಾಗಿಸಿ, ತೊಡೆಗಳನ್ನು ಒಳಮುಖವಾಗಿ ಬಿಗಿಹಿಡಿದು, ಸೊಂಟವನ್ನು ನೆಟ್ಟಗೆ ಮಾಡಿ ನಿಲ್ಲಬೇಕು. ಹಾಗೆ ನಿಂತು ‘ಸಿಯು ನಿಮ್ ತಾವ್’ ಎಂಬ ಮೊದಲ ಪಾಠ ಮಾಡಬೇಕು. ಆರಂಭದಿಂದ ಕೊನೆಯವರೆಗೂ ಪಾದ ಕದಲುವುದಿಲ್ಲ. ಒದೆಯಿಲ್ಲ, ನೆಗೆತವಿಲ್ಲ, ತಿರುಗುವುದೂ ಇಲ್ಲ. ಮೊದಲ ಭಾಗದಲ್ಲಿ ಅಂಗೈ ಮೇಲಾಗಿ ಕೈ ನಿಧಾನವಾಗಿ ಮುಂದೆ ಹೋಗುತ್ತದೆ, ಮಣಿಕಟ್ಟು ಸುತ್ತುತ್ತದೆ, ಕೈ ಅಷ್ಟೇ ನಿಧಾನವಾಗಿ ಎದೆಯತ್ತ ಮರಳುತ್ತದೆ. ಮತ್ತೆ ಮುಂದೆ, ಮತ್ತೆ ಹಿಂದೆ. ಇಷ್ಟಕ್ಕೇ ಹತ್ತು ಹದಿನೈದು ನಿಮಿಷ ಹಿಡಿದರೂ ಅವಸರವಿಲ್ಲ. ಇನ್ನೂ ಹೆಚ್ಚು ಹೊತ್ತು ನಿಲ್ಲುವವರೂ ಇದ್ದಾರೆ.

ಬ್ರೂಸ್‌ಗೆ ಇದು ಹಿಡಿಸಿರಲಾರದು ಎಂದು ಊಹಿಸುವುದು ಸುಲಭ. ಆದರೆ ಈ ನಿಲುವಿನಲ್ಲಿ ನಡೆಯುವುದೇನು? ಮೊಣಕೈ. ಎಲ್ಲ ಕೆಲಸವೂ ಮೊಣಕೈಯದು. ಮೂಗಿನಿಂದ ಹೊಕ್ಕುಳವರೆಗೆ ಒಂದು ಗೆರೆ ಎಳೆದರೆ ಅದು ಮೈಯ ನಡುಗೆರೆ. ಗಂಟಲು, ಎದೆಗೂಡಿನ ಗುಳಿ, ಹೊಟ್ಟೆ ಎಲ್ಲವೂ ಅದರ ಮೇಲೆಯೇ ಇವೆ. ಮೊಣಕೈ ಆ ಗೆರೆಯ ಹತ್ತಿರ ಇದ್ದರೆ ಎದುರಾಳಿಯ ಹೊಡೆತಕ್ಕೆ ದಾರಿ ಮುಚ್ಚಿರುತ್ತದೆ, ನಮ್ಮ ಹೊಡೆತಕ್ಕೆ ಅತಿ ಹತ್ತಿರದ ದಾರಿ ತೆರೆದಿರುತ್ತದೆ. ಹುಟ್ಟಾ ಮನುಷ್ಯನ ಮೊಣಕೈ ಹಾಗಿರುವುದಿಲ್ಲ; ಭಯವಾದಾಗಂತೂ ಹೊರಕ್ಕೆ ಚಾಚಿಕೊಳ್ಳುತ್ತದೆ, ಹೆಗಲು ಮೇಲೇರುತ್ತದೆ. ಆ ಸಹಜ ಅಭ್ಯಾಸವನ್ನು ಅಳಿಸಿ ಬೇರೊಂದನ್ನು ಸಹಜ ಮಾಡಿಕೊಳ್ಳಲು ನಿಧಾನವೇ ಬೇಕು. ಸಂಗೀತ ಕಲಿಯುವ ಮಗುವಿಗೆ ಕೀರ್ತನೆ ಹೇಳಿಕೊಡುವ ಮೊದಲು ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಹಾಡಿಸುವುದಿಲ್ಲವೇ, ಹಾಗೆ. ಸರಳೆಯಲ್ಲಿ ಸ್ವರಸ್ಥಾನ ಕೂರದವರಿಗೆ ಮುಂದೆ ಎಷ್ಟು ವೇಗ ಬಂದರೂ ಏನೂ ಉಪಯೋಗವಿಲ್ಲ.

ಎರಡನೆಯ ಪಾಠ ‘ಚಮ್ ಕಿಯು’ನಲ್ಲಿ ಮೈ ತಿರುಗುತ್ತದೆ, ಹೆಜ್ಜೆ ಬರುತ್ತದೆ, ಒದೆ ಬರುತ್ತದೆ. ಮೂರನೆಯದು ‘ಬಿಯು ಜಿ’, ನಡುಗೆರೆ ಕೈತಪ್ಪಿದಾಗ ಅದನ್ನು ಮರಳಿ ಹಿಡಿಯುವ ತುರ್ತಿನ ಪಾಠ. ಹಿಂದೆ ಇದನ್ನು ಹೊರಗಿನವರ ಮುಂದೆ ತೋರಿಸುತ್ತಲೇ ಇರಲಿಲ್ಲ. ಆಮೇಲೆ ಮೂರು ತೋಳು, ಒಂದು ಕಾಲಿನ ಮರದ ಬೊಂಬೆಯೊಂದಿಗೆ ತಾಲೀಮು. ಇಪ್ ಮ್ಯಾನ್ ಕ್ರಮದಲ್ಲಿ ಅದಕ್ಕೆ 116 ಚಲನೆಗಳು. ಕಟ್ಟಕಡೆಗೆ ಉದ್ದನೆಯ ದೊಣ್ಣೆ, ಜೋಡಿ ಕತ್ತಿ. ಕತ್ತಿಯವರೆಗೆ ಹೋದ ಶಿಷ್ಯರು ಬೆರಳೆಣಿಕೆಯಷ್ಟು. ಬ್ರೂಸ್ ಅವರಲ್ಲಿ ಒಬ್ಬನಲ್ಲ.

ಅವನ ಮನಸ್ಸು ಹೊಕ್ಕದ್ದು ‘ಚಿ ಸಾವ್’ಗೆ. ಇಬ್ಬರು ಎದುರುಬದುರು ನಿಂತು ಮುಂಗೈಗಳನ್ನು ಪರಸ್ಪರ ತಾಗಿಸಿಕೊಂಡು ಸುತ್ತಿಸುತ್ತ ಇರುವ ತಾಲೀಮು ಇದು. ಒಬ್ಬನ ಒಂದು ಕೈ ‘ತಾನ್ ಸಾವ್’ ಆಗಿ ಅಂಗೈ ಮೇಲಾಗಿ ಚಾಚಿದರೆ, ಮರುಕ್ಷಣ ಅದೇ ಕೈ ಮೊಣಕೈ ಎತ್ತಿ ‘ಬೊಂಗ್ ಸಾವ್’ ಆಗುತ್ತದೆ. ಎದುರಿನವನ ಕೈ ಅದರ ಮೇಲೆ ಕುಳಿತು ‘ಫುಕ್ ಸಾವ್’ ಆಗಿ ಹಿಂಬಾಲಿಸುತ್ತದೆ. ನೋಡುವವರಿಗೆ ಆಟದಂತೆ ಕಾಣುತ್ತದೆ. ಒಳಗಿನ ಲೆಕ್ಕ ಬೇರೆ. ಎದುರಾಳಿಯ ಕೈ ನನ್ನ ಕೈಗೆ ತಾಗಿರುವವರೆಗೂ ಅವನ ಉದ್ದೇಶ ನನಗೆ ಚರ್ಮದ ಮೂಲಕ ತಿಳಿಯುತ್ತಿರುತ್ತದೆ. ಅವನು ಒತ್ತಿದರೆ ಒತ್ತಡ ಹೆಚ್ಚುತ್ತದೆ, ಹಿಂದೆಗೆದರೆ ಸಡಿಲುತ್ತದೆ, ಹೊಡೆಯಲು ಕೈ ಬಿಡಿಸಿಕೊಂಡರೆ ಆ ಕ್ಷಣಕ್ಕೆ ನನ್ನ ಮುಂದೆ ಏನೂ ಇರುವುದಿಲ್ಲ. ಆಗ ನನ್ನ ಕೈ ತಾನಾಗಿ ಮುಂದೆ ಹೋಗಬೇಕು. ಕಣ್ಣಿನಿಂದ ಕಂಡು ಪ್ರತಿಕ್ರಿಯಿಸುವುದಕ್ಕಿಂತ ಸ್ಪರ್ಶದಿಂದ ತಿಳಿದು ಪ್ರತಿಕ್ರಿಯಿಸಲು ಮನುಷ್ಯನಿಗೆ ಕಡಿಮೆ ಸಮಯ ಸಾಕು; ಮೂಗಿನ ಮುಂದೆ ನಡೆಯುವ ಹೊಡೆದಾಟದಲ್ಲಿ ಆ ಚೂರು ಅಂತರವೇ ದೊಡ್ಡದು. ಬಲ ಹಾಕಿ ತಳ್ಳುವವನು ಇದರಲ್ಲಿ ಸೋಲುತ್ತಾನೆ, ಏಕೆಂದರೆ ಬಿಗಿದ ಸ್ನಾಯುವಿಗೆ ಎದುರಿನವನ ಒತ್ತಡ ತಿಳಿಯುವುದಿಲ್ಲ. ಸಿಟ್ಟು ಬಂದವನೂ ಸೋಲುತ್ತಾನೆ. ಚಿ ಸಾವ್‌ಗೆ ಕೈಯೊಡ್ಡಿದವರಿಗೆಲ್ಲ ಗೊತ್ತು: ಎದುರಿನವನು ತಾಳ್ಮೆಯಿಂದಿದ್ದರೆ ನಮ್ಮ ಕೋಪ ನಮ್ಮ ಹೆಗಲಿನಲ್ಲಿ ಅವನಿಗೆ ಓದಲು ಸಿಗುತ್ತದೆ.

ಬೀದಿಯಲ್ಲಿ ಸಿಡುಕನೆಂದು ಹೆಸರಾಗಿದ್ದ ಹುಡುಗ ಇದರಲ್ಲಿ ಪಳಗಿದ. ಹಾಗೆ ಪಳಗಿಸಿದವರು ಹೆಚ್ಚಾಗಿ ಇಪ್ ಮ್ಯಾನ್ ಅಲ್ಲ, ವಾಂಗ್ ಶುನ್ ಲಿಯುಂಗ್. ಕುಂಗ್ ಫೂ ಮನೆಯಲ್ಲಿ ಗುರು ‘ಸಿಫು’, ಮೊದಲು ಸೇರಿದವನು ‘ಸಿಹಿಂಗ್’, ಎಂದರೆ ಅಣ್ಣ. ದಿನದ ಪಾಠ ನೋಡಿಕೊಳ್ಳುವುದು, ಕೈ ತಿದ್ದುವುದು, ಬಿದ್ದಾಗ ಎಬ್ಬಿಸುವುದು ಅಣ್ಣಂದಿರ ಕೆಲಸ. ವಾಂಗ್ ಬ್ರೂಸ್‌ಗಿಂತ ಐದು ವರ್ಷ ದೊಡ್ಡವರು. ಬೇರೆ ಬೇರೆ ಪದ್ಧತಿಯವರೊಂದಿಗೆ ಕಟ್ಟಡಗಳ ತಾರಸಿಯ ಮೇಲೆ ಗುಟ್ಟಾಗಿ ನಡೆಯುತ್ತಿದ್ದ ಬರಿಗೈ ಪಂದ್ಯಗಳಲ್ಲಿ ಅವರಿಗೆ ದೊಡ್ಡ ಹೆಸರಿತ್ತು. ಯಾವ ಪಟ್ಟನ್ನು ಹೇಳಿಕೊಟ್ಟರೂ, ನಿಜವಾಗಿ ಹೊಡೆಯಲು ಬಂದವನ ಮುಂದೆ ಇದು ನಡೆಯುತ್ತದೆಯೇ ಎಂದು ಕೇಳುವವರು ಅವರು. ಬ್ರೂಸ್‌ನ ಮುಂದಿನ ಬದುಕನ್ನೆಲ್ಲ ಆಳಿದ ಪ್ರಶ್ನೆ ಇದೇ. ಅದನ್ನು ಅವನು ಅಮೆರಿಕದಲ್ಲಿ ಕಂಡುಕೊಂಡನೆಂದು ಬರೆಯುವವರು ವಾಂಗ್ ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವುದಿಲ್ಲ.

ಆ ಹುಡುಗನ ಹಸಿವಿನ ಬಗ್ಗೆ ವಾಂಗ್ ಮುಂದೆ ಹೇಳುತ್ತಿದ್ದ ಪ್ರಸಂಗವೊಂದಿದೆ. ಬ್ರೂಸ್ ಎಲ್ಲರಿಗಿಂತ ಮೊದಲು ಅವರ ಮನೆಗೆ ಬರುತ್ತಿದ್ದ. ಆಮೇಲೆ ಮೆಟ್ಟಿಲಿಳಿದು ಹೋಗಿ, ಬರುತ್ತಿದ್ದ ಇತರರಿಗೆ ಇವತ್ತು ಪಾಠವಿಲ್ಲ ಎಂದು ಹೇಳಿ ವಾಪಸು ಕಳಿಸುತ್ತಿದ್ದ. ಹಾಗೆ ಅಣ್ಣನ ಇಡೀ ಸಮಯ ಅವನೊಬ್ಬನ ಪಾಲಾಗುತ್ತಿತ್ತು. ಆ ಹುಡುಗನಿಗೆ ತನಗೆ ಹೆಚ್ಚು ಕಾಲವಿಲ್ಲವೆಂದು ಗೊತ್ತಿರಲು ಸಾಧ್ಯವಿಲ್ಲ. ಆದರೂ ಅವಸರವಿತ್ತು.

ಅಮೆರಿಕಕ್ಕೆ ಹೋದ ಮೇಲೆ ಸಿಯಾಟಲ್‌ನಲ್ಲಿ ರೂಬಿ ಚೌ ಅವರ ಚೀನೀ ಹೋಟೆಲಿನಲ್ಲಿ ಮಾಣಿಯ ಕೆಲಸ, ಅಲ್ಲೇ ಮೇಲಿನ ಪುಟ್ಟ ಕೋಣೆಯಲ್ಲಿ ವಾಸ. ಹಗಲು ಓದು, 1961ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ. ಇಲ್ಲಿ ಅವನ ತೊಂದರೆ ವಿಚಿತ್ರವಾದದ್ದು. ಚಿ ಸಾವ್ ಒಬ್ಬನೇ ಮಾಡಲಾಗದು. ಸಿಫು ಇಲ್ಲ, ಸಿಹಿಂಗ್ ಇಲ್ಲ, ಕೈ ತಾಗಿಸಲು ವಿಂಗ್ ಚುನ್ ಬಲ್ಲ ಒಬ್ಬನೂ ಊರಲ್ಲಿಲ್ಲ. ಕಲಿಯುವುದನ್ನು ಮುಂದುವರಿಸಬೇಕಾದರೆ ಅವನು ಯಾರಿಗಾದರೂ ಕಲಿಸಲೇಬೇಕಿತ್ತು. ಮೊದಲು ಬಂದವನು ಜೆಸ್ಸಿ ಗ್ಲೋವರ್ ಎಂಬ ಕಪ್ಪು ಯುವಕ, ಜೂಡೊ ಬಲ್ಲವನು. ಅವನ ಹಿಂದೆ ಇನ್ನಷ್ಟು ಜನ ಬಂದರು, ಬಿಳಿಯರು, ಜಪಾನಿ ಮೂಲದವರು, ಬಹುತೇಕರು ಗುರುವಿಗಿಂತ ಎತ್ತರ, ಗುರುವಿಗಿಂತ ಭಾರ. ಉದ್ಯಾನದಲ್ಲಿ, ವಾಹನ ನಿಲ್ಲಿಸುವ ಜಾಗದಲ್ಲಿ ತಾಲೀಮು ನಡೆಯಿತು. ತನ್ನಷ್ಟೇ ಮೈಕಟ್ಟಿನ ಹುಡುಗರ ಜೊತೆ ಕಲಿತ ಪಟ್ಟುಗಳು ಆರಡಿ ಎತ್ತರದವರ ಮುಂದೆ ಎಲ್ಲಿ ಜಾರುತ್ತವೆ ಎಂಬುದು ಅವನಿಗೆ ಆಗ ಗೊತ್ತಾಗತೊಡಗಿತು.

1963ರ ಬೇಸಿಗೆಯಲ್ಲಿ ಹಾಂಗ್‌ಕಾಂಗ್‌ಗೆ ಹೋದಾಗ ಬ್ರೂಸ್ ತನ್ನ ಶಿಷ್ಯ ಡಗ್ ಪಾಮರ್‌ನನ್ನೂ ಇಪ್ ಮ್ಯಾನ್ ಮನೆಗೆ ಕರೆದುಕೊಂಡು ಹೋಗಿದ್ದ. ಕುಂಗ್ ಫೂ ಬಲ್ಲವನೆಂದು ತೋರಿಸಿಕೊಳ್ಳಬೇಡ ಎಂದು ಮೊದಲೇ ಹೇಳಿದ್ದ. ಚೀನೀಯರಲ್ಲದವರಿಗೆ ಕಲಿಸುವುದನ್ನು ಹಿರಿಯರು ಮೆಚ್ಚುತ್ತಿರಲಿಲ್ಲ. ಪಾಮರ್ ಸುಮ್ಮನೆ ಕೂತು ನೋಡಿದ. ಎಪ್ಪತ್ತರ ಹತ್ತಿರದ ಗುರು ಮತ್ತು ಇಪ್ಪತ್ತೆರಡರ ಶಿಷ್ಯ ಮನೆಯೊಳಗೆ ಚಿ ಸಾವ್ ಮಾಡಿದರು. ನಾಲ್ಕು ವರ್ಷ ದೂರವಿದ್ದು ತಾನೇ ಗುರುವಾಗಿದ್ದವನು ಮತ್ತೆ ಕೈಯೊಡ್ಡಿ ನಿಂತಿದ್ದ.

ತಿರುವು ಬಂದದ್ದು ಓಕ್ಲೆಂಡ್‌ನಲ್ಲಿ. 1964ರ ಕೊನೆಯ ಹೊತ್ತಿಗೆ ಅಲ್ಲಿನ ಅವನ ಶಾಲೆಗೆ ಸ್ಯಾನ್ ಫ್ರಾನ್ಸಿಸ್ಕೊದಿಂದ ವಾಂಗ್ ಜಾಕ್ ಮ್ಯಾನ್ ಎಂಬ ಕುಂಗ್ ಫೂ ಗುರು ಸವಾಲಿಗೆ ಬಂದರು. ಕಾರಣವೇನೆಂದು ಎರಡೂ ಕಡೆಯವರು ಬೇರೆ ಬೇರೆ ಹೇಳುತ್ತಾರೆ. ಮೂರು ನಿಮಿಷದಲ್ಲಿ ಬ್ರೂಸ್ ಗೆದ್ದ ಎನ್ನುತ್ತಾರೆ ಅವನ ಹೆಂಡತಿ ಲಿಂಡಾ. ಇಪ್ಪತ್ತು ನಿಮಿಷ ನಡೆದು ತೀರ್ಮಾನವಾಗದೆ ನಿಂತಿತು ಎನ್ನುತ್ತದೆ ಇನ್ನೊಂದು ಕಡೆ. ಯಾರು ಗೆದ್ದರೆಂಬ ಜಗಳ ಇಂದಿಗೂ ಮುಗಿದಿಲ್ಲ. ಅದಕ್ಕಿಂತ ದೊಡ್ಡದು ಆಮೇಲೆ ನಡೆದದ್ದು. ಲಿಂಡಾ ಹೇಳುವಂತೆ, ಗೆದ್ದರೂ ಬ್ರೂಸ್ ಕುಗ್ಗಿಹೋಗಿದ್ದ. ಎದುರಾಳಿ ದೂರ ಸರಿಯುತ್ತ ಓಡಾಡಿದಾಗ ಕೈಗೆ ಕೈ ತಾಗಲೇ ಇಲ್ಲ. ತಾಗದ ಮೇಲೆ ಚಿ ಸಾವ್ ಎಲ್ಲಿಂದ ಬರಬೇಕು? ಬೆನ್ನಟ್ಟಿ ಬೆನ್ನಟ್ಟಿ ಅವನಿಗೆ ಏದುಸಿರು ಬಂತು. ವಾಂಗ್ ಶುನ್ ಲಿಯುಂಗ್ ತಾರಸಿಯ ಮೇಲೆ ಕೇಳುತ್ತಿದ್ದ ಪ್ರಶ್ನೆ ಈಗ ಅವನ ಕಡೆಗೇ ತಿರುಗಿ ನಿಂತಿತ್ತು.

ಅಲ್ಲಿಂದ ಮುಂದಿನ ಆರೇಳು ವರ್ಷ ಅವನ ಎರಡನೆಯ ಶಿಷ್ಯವೃತ್ತಿ. ದಿನವೂ ಓಟ, ಭಾರ ಎತ್ತುವುದು, ಹಗ್ಗ ಜಿಗಿತ. ಮೊಹಮ್ಮದ್ ಅಲಿಯ ಪಂದ್ಯಗಳ ಫಿಲ್ಮ್‌ಗಳನ್ನು ಮತ್ತೆ ಮತ್ತೆ ಹಾಕಿ ಕಾಲ್ಚಲನೆ ನೋಡಿದ. ಅಣ್ಣ ಪೀಟರ್ 1958ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಹಾಂಗ್‌ಕಾಂಗ್ ಪರ ಕತ್ತಿವರಸೆಯಲ್ಲಿ ಸ್ಪರ್ಧಿಸಿದವನು. ಬ್ರೂಸ್ ಆ ವಿದ್ಯೆಯ ಪುಸ್ತಕಗಳನ್ನು ಅಡಿಗೆರೆ ಎಳೆದು ಓದಿದ. ಎರಡೂ ಪಾದ ಸಮನಾಗಿ ಊರುವ ವಿಂಗ್ ಚುನ್ ನಿಲುವನ್ನು ಬಿಟ್ಟು, ಬಲಿಷ್ಠವಾದ ಬಲಗೈ ಬಲಗಾಲನ್ನು ಮುಂದಿಟ್ಟು ಹಿಮ್ಮಡಿ ಎತ್ತಿ ನಿಲ್ಲತೊಡಗಿದ. 1967ರಲ್ಲಿ ಇದಕ್ಕೆಲ್ಲ ‘ಜೀತ್ ಕುನ್ ಡೊ’ ಎಂಬ ಹೆಸರು ಬಂತು. 1970ರ ಆಗಸ್ಟ್‌ನಲ್ಲಿ ಹೆಗಲ ಮೇಲೆ ಭಾರ ಹೊತ್ತು ಬಗ್ಗುವ ಕಸರತ್ತಿನಲ್ಲಿ ಬೆನ್ನಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಇನ್ನು ಒದೆಯುವ ಆಸೆ ಬಿಡಿ ಎಂದರು ವೈದ್ಯರು. ಆ ದಿನಗಳಲ್ಲಿ ಓದುತ್ತ ಬರೆದಿಟ್ಟ ಟಿಪ್ಪಣಿಗಳೇ ಅವನು ಸತ್ತ ಮೇಲೆ, 1975ರಲ್ಲಿ ‘ತಾವೊ ಆಫ್ ಜೀತ್ ಕುನ್ ಡೊ’ ಪುಸ್ತಕದ ತಿರುಳಾದವು. ಅದನ್ನು ತೆರೆದವರಿಗೆ ಮೊದಲು ಕಾಣುವುದು ಅವನು ಎಷ್ಟು ಜನರಿಂದ ಕಲಿತ ಎಂಬುದು.

ಬೆನ್ನಿಗೆ ಪೆಟ್ಟಾಗುವ ಹೊತ್ತಿಗೆ ಅವನು ಸಿಯಾಟಲ್, ಓಕ್ಲೆಂಡ್, ಲಾಸ್ ಏಂಜಲೀಸ್‌ನ ತನ್ನ ಮೂರು ಶಾಲೆಗಳನ್ನೂ ಮುಚ್ಚಿಸಿದ್ದ. ಶಿಷ್ಯರು ಪಠ್ಯವನ್ನೇ ಸತ್ಯವೆಂದು ನಂಬಿ ಕೂತುಬಿಡುತ್ತಾರೆ ಎಂಬುದು ಅವನ ಆತಂಕ. ಇಲ್ಲಿಗೇ ಬಂದು ನಿಲ್ಲುತ್ತದೆ ನಮ್ಮ ಹುಡುಗರ ವಾದ: ನೋಡಿ, ಪಠ್ಯವೇ ಬೇಡ ಎಂದ. ಹೌದು, ಎಂದ. ಆದರೆ ಹಾಗೆ ಹೇಳುವವನ ಮೊಣಕೈ ಅಷ್ಟರಲ್ಲಾಗಲೇ ನಡುಗೆರೆಯಲ್ಲಿ ಕೂತು ಹದಿನೈದು ವರ್ಷವಾಗಿತ್ತು. ಅವನ ಹೆಸರಾಂತ ನೇರ ಹೊಡೆತವನ್ನು ಬಿಡಿಸಿ ನೋಡಿ. ಹೆಜ್ಜೆ ಕತ್ತಿವರಸೆಯದು, ದೂರದ ಲೆಕ್ಕ ಬಾಕ್ಸಿಂಗಿನದು. ಹೆಬ್ಬೆರಳು ಮೇಲಾಗಿ ನಿಂತ ಮುಷ್ಟಿ, ತಾಗುವ ಕೆಳಗಿನ ಮೂರು ಗೆಣ್ಣು, ನೇರ ನಡುಗೆರೆಯ ದಾರಿ ಇವು ಸಿಯು ನಿಮ್ ತಾವ್‌ನವು. 1964ರಲ್ಲಿ ಲಾಂಗ್ ಬೀಚ್‌ನ ಕರಾಟೆ ಕೂಟದಲ್ಲಿ ಒಂದಂಗುಲ ದೂರದಿಂದ ಹೊಡೆದು ಎದುರಿನವನನ್ನು ಹಿಂದಿನ ಕುರ್ಚಿಗೆ ಕೆಡವಿದ ಪ್ರದರ್ಶನವೂ ಹಾಗೆಯೇ: ನೆಲದಿಂದ ಎದ್ದ ಬಲ ಸೊಂಟ ತಿರುಗಿ, ಮೊಣಕೈ ಹಿಗ್ಗಿ, ಕೊನೆಗೆ ಮಣಿಕಟ್ಟು ಪುಟಿದು ಹೊರಬರುವ ಬಗೆ. ಕದಲದ ಪಾದಗಳ ಮೇಲೆ ನಿಂತು ಕಲಿತ ಹೊರತು ಆ ಸರಪಳಿಯ ಕೊಂಡಿಗಳು ಕೂಡುವುದಿಲ್ಲ.

‘ಎಂಟರ್ ದಿ ಡ್ರ್ಯಾಗನ್’ ತೆರೆ ಕಂಡಾಗ, 1973ರ ಆಗಸ್ಟ್‌ನಲ್ಲಿ, ಅವನು ಬದುಕಿರಲಿಲ್ಲ. ಅದರ ಹಿಂದಿನ ತಿಂಗಳು 20ರಂದು, 32ರ ವಯಸ್ಸಿನಲ್ಲಿ ಹೋಗಿಬಿಟ್ಟಿದ್ದ. ಗುರು ಇಪ್ ಮ್ಯಾನ್ ಅದಕ್ಕೂ ಕೆಲವೇ ತಿಂಗಳ ಮೊದಲು, 1972ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಆ ಸಿನಿಮಾದಲ್ಲಿ ಓಹರಾ ಎಂಬ ಖಳನೊಂದಿಗಿನ ಕಾಳಗ ಶುರುವಾಗುವಾಗ ಇಬ್ಬರೂ ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ನಿಲ್ಲುತ್ತಾರೆ. ಓಹರಾ ಅಲುಗುವ ಮೊದಲೇ ಬ್ರೂಸ್‌ನ ಕೈ ಅವನ ಕೈಯನ್ನು ಒತ್ತಿ ಮುಖಕ್ಕೆ ತಾಗಿರುತ್ತದೆ, ಅದೂ ಒಂದಾದ ಮೇಲೊಂದು. ತಟ್ಟಿ ತಡೆಯುವುದು ‘ಪಾಕ್ ಸಾವ್’, ಹಿಡಿದೆಳೆಯುವುದು ‘ಲಾಪ್ ಸಾವ್’. ಎರಡೂ ವಿಂಗ್ ಚುನ್ ಶಿಷ್ಯರು ಮೊದಲ ವರ್ಷಗಳಲ್ಲಿ ಕಲಿಯುವಂಥವು. ಲಾಸ್ ಏಂಜಲೀಸ್ ಶಾಲೆಯಲ್ಲಿ ಅವನ ಜೊತೆಗಿದ್ದ ಡ್ಯಾನ್ ಇನೊಸಾಂಟೊ ಆಮೇಲೆ ತಮ್ಮ ಶಿಷ್ಯರಿಗೆ ಜೀತ್ ಕುನ್ ಡೊ ಕಲಿಸುವಾಗಲೂ ಇವನ್ನು ಬಿಡಲಿಲ್ಲ. ಅವರ ಪರಂಪರೆಯ ತರಗತಿಗಳಲ್ಲಿ ಈಗಲೂ ಇಬ್ಬರು ಎದುರುಬದುರು ನಿಂತು ಮುಂಗೈ ತಾಗಿಸಿ ಪಾಕ್ ಸಾವ್‌ನಿಂದಲೇ ಕೈ ಪಳಗಿಸಿಕೊಳ್ಳುತ್ತಾರೆ.